ಒಂದು ದೇಶದ ಸರಕು ಬೇಡ ಅಂದುಕೊಂಡರೆ ಎಲ್ಲಿಂದ ಶುರು ಮಾಡುವುದು?

ನೀಲಿಕೊಡೆ
ಎಲ್ಲರಿಗೂ ನಮಸ್ಕಾರ. ಒಂದು ದೇಶದಲ್ಲಿ ತಯಾರಾದ ವಸ್ತುಗಳನ್ನು ಇನ್ನು ಮುಂದೆ ಕೊಳ್ಳಬಾರದು ಅಂತ ತೀರ್ಮಾನ ಮಾಡಿದ್ದೇನೆ. ಯಾವ ದೇಶ, ಯಾಕೆ ಅನ್ನುವುದನ್ನು ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಬರುವ ಉತ್ತರಗಳೆಲ್ಲ ಅದರ ಮೇಲೇ ಇರುತ್ತವೆ, ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ. ನಿಮಗೆ ಆಗದ ಯಾವುದೋ ಒಂದು ದೇಶವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಓದಿ, ಸಾಕು.

ಶುರು ಮಾಡಿದ ಮೇಲೆ ಗೊಂದಲ ಜಾಸ್ತಿ ಆಗಿದೆ. ಡಬ್ಬದ ಮೇಲೆ ಒಂದು ದೇಶದ ಹೆಸರು. ಕಂಪನಿ ಇನ್ನೊಂದು ದೇಶದ್ದು. ಒಳಗಿನ ಮೋಟರ್ ಮೂರನೇ ಕಡೆಯದು. ಕೆಲವದರ ಮೇಲೆ ದೇಶದ ಹೆಸರೇ ಇಲ್ಲ, ‘ಇಂಥ ಕಂಪನಿಗಾಗಿ ತಯಾರಿಸಿದ್ದು’ ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಲೇಬಲ್ಲನ್ನು ಎಷ್ಟು ನಂಬಬಹುದು? ಎಷ್ಟು ಆಳಕ್ಕೆ ಹುಡುಕಬೇಕು? ಮನೆಯಲ್ಲಿ ಈಗಾಗಲೇ ಇರುವ ಆ ದೇಶದ ಸಾಮಾನುಗಳನ್ನು ಏನು ಮಾಡುವುದು?

‘ಅದೆಲ್ಲ ಆಗಲ್ಲ ಬಿಡಿ’ ಅನ್ನುವ ಉತ್ತರ ಮನೆಯಲ್ಲೇ ಧಾರಾಳವಾಗಿ ಸಿಗುತ್ತಿದೆ. ಇಲ್ಲಿ ಬೇರೆ ಏನಾದರೂ ಹೇಳಿ.

ನಿರ್ವಾಹಕರು
ಈ ಚರ್ಚೆಗೆ ಒಂದೇ ನಿಯಮ. ಯಾವ ದೇಶ ಒಳ್ಳೆಯದು, ಯಾವುದು ಕೆಟ್ಟದ್ದು ಅನ್ನುವ ಜಗಳ ಬೇಡ. ಉದಾಹರಣೆಗೆ ಯಾವ ದೇಶದ ಹೆಸರಾದರೂ ಬರಲಿ, ಅಡ್ಡಿಯಿಲ್ಲ.

ತಕ್ಕಡಿ
ಇದು ತುಂಬಾ ಸುಲಭ ಅಲ್ವಾ? ಬಾರ್‌ಕೋಡ್ ನೋಡಿ. ಮೊದಲ ಮೂರು ಅಂಕಿಯಲ್ಲೇ ದೇಶ ಇರುತ್ತದೆ. 690ರಿಂದ 699 ಇದ್ದರೆ ಚೀನಾ, 890 ಇದ್ದರೆ ಭಾರತ, 400ರಿಂದ 440 ಇದ್ದರೆ ಜರ್ಮನಿ. ಪಟ್ಟಿ ಎಲ್ಲಾ ಕಡೆ ಓಡಾಡುತ್ತಿದೆ, ಒಂದು ಪ್ರತಿ ಇಟ್ಟುಕೊಳ್ಳಿ.

ಸುಂಕದವ
ತಕ್ಕಡಿಯವರೇ, ಪಟ್ಟಿ ಸರಿ, ಅದರ ಅರ್ಥ ಬೇರೆ. ಆ ಅಂಕಿಗಳು ಹೇಳುವುದು ಒಂದೇ ವಿಷಯ: ಬಾರ್‌ಕೋಡ್ ಸಂಖ್ಯೆಯನ್ನು ಕಂಪನಿ ಯಾವ ದೇಶದ ಜಿಎಸ್1 ಸಂಸ್ಥೆಯಿಂದ ಪಡೆಯಿತು ಅನ್ನುವುದು. ಜರ್ಮನಿಯಲ್ಲಿ ನೋಂದಣಿಯಾದ ಕಂಪನಿ ವಿಯೆಟ್ನಾಂನಲ್ಲಿ ಬೂಟು ಮಾಡಿಸಿದರೂ ಬಾರ್‌ಕೋಡ್ ಜರ್ಮನಿಯದೇ ಇರುತ್ತದೆ. ವಸ್ತು ಎಲ್ಲಿ ತಯಾರಾಯಿತು ಅಂತ ಆ ಗೆರೆಗಳಿಗೆ ಗೊತ್ತೇ ಇಲ್ಲ. ಜಿಎಸ್1 ಕೂಡ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಯಾವುದಾದರೂ ಪುಸ್ತಕದ ಹಿಂಬದಿ ನೋಡಿ, 978 ಅಂತ ಶುರುವಾಗಿರುತ್ತದೆ. ಅದು ಯಾವ ದೇಶ?

ಆಮದು ರಫ್ತಿನ ಕಾಗದಪತ್ರ ನೋಡುವುದೇ ನನ್ನ ಕಸುಬು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಅಂತ ಗಾದೆ ಇದ್ದರೂ ಈ ವಿಷಯಕ್ಕೆ ನಾನೇ ಸರಿಯಾದ ಗಿರಾಕಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಒಂದು ವಸ್ತು ಯಾವ ದೇಶದ್ದು ಅನ್ನುವುದನ್ನು ಕಾನೂನು ತೀರ್ಮಾನ ಮಾಡುತ್ತದೆ. ಆದರೆ ಒಂದೊಂದು ದೇಶದ ಕಾನೂನು ಒಂದೊಂದು ತರಹ. ಎಲ್ಲದರ ಹಿಂದೆ ಇರುವ ಯೋಚನೆ ಮಾತ್ರ ಹೆಚ್ಚುಕಡಿಮೆ ಒಂದೇ. ಪೂರ್ತಿ ಒಂದೇ ದೇಶದಲ್ಲಿ ಬೆಳೆದದ್ದು, ಅಗೆದದ್ದು ಆದರೆ ತಕರಾರಿಲ್ಲ. ಹಲವು ದೇಶ ಸುತ್ತಿ ಬಂದಿದ್ದರೆ, ಕೊನೆಯದಾಗಿ ಎಲ್ಲಿ ಅದರ ಸ್ವರೂಪ ನಿಜವಾಗಿ ಬದಲಾಯಿತೋ ಆ ದೇಶ. ಯುರೋಪಿನ ಸುಂಕ ಕಾನೂನಿನಲ್ಲೂ ಇದೇ ಮಾತು, ಅಮೆರಿಕದಲ್ಲೂ ಇದೇ.

ಅಮೆರಿಕದ್ದು ಒಂದು ಹಳೆಯ ಕೇಸ್ ಇದೆ, 1908ರದ್ದು. ಬಿಯರ್ ಕಂಪನಿಯೊಂದು ಹೊರದೇಶದ ಬಿರಡೆಗಳನ್ನು ತರಿಸಿ, ತೊಳೆದು, ಒಣಗಿಸಿ, ಸಂಸ್ಕರಿಸಿ ಬಾಟಲಿಗೆ ಹಾಕುತ್ತಿತ್ತು. ಇಷ್ಟೆಲ್ಲ ಮಾಡಿದ ಮೇಲೆ ಇದು ಅಮೆರಿಕದಲ್ಲೇ ತಯಾರಾದ ಬಿರಡೆ ಅಂತ ಅವರ ವಾದ. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೆಸರು, ಗುಣ, ಬಳಕೆ ಬದಲಾಗಿ ಹೊಸ ವಸ್ತು ಹುಟ್ಟಬೇಕು, ಎಷ್ಟು ತೊಳೆದರೂ ಬಿರಡೆ ಬಿರಡೆಯೇ ಅಂದಿತು. ಇವತ್ತಿಗೂ ಅಲ್ಲಿನ ಸುಂಕದವರು ಆ ಅಳತೆಗೋಲನ್ನೇ ಹಿಡಿದು ಓಡಾಡುತ್ತಾರೆ.

ಈಗ ನಿಮ್ಮ ಲೇಬಲ್ ವಿಷಯ. ಹೊರದೇಶದಿಂದ ಬಂದ ವಸ್ತುವಿನ ಮೇಲೆ ಮೂಲ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕದ 1930ರ ಸುಂಕ ಕಾಯ್ದೆ ಹೇಳುತ್ತದೆ. ಭಾರತದಲ್ಲಿ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟದಲ್ಲೂ ಮೂಲ ದೇಶ ತೋರಿಸಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಮಾತ್ರ, ಕೆಲವು ಬಗೆಯ ಆಹಾರ ಬಿಟ್ಟರೆ ಹೆಚ್ಚಿನ ವಸ್ತುಗಳಿಗೆ ಇದು ಕಡ್ಡಾಯವಲ್ಲ. ಹಾಗಾಗಿ ಲೇಬಲ್ಲಿನಲ್ಲಿ ದೇಶ ಇಲ್ಲ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ನೀವು ಎಲ್ಲಿ ಕೊಳ್ಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ.

ಇನ್ನು ‘ಇಂಥಲ್ಲಿ ವಿನ್ಯಾಸ’, ‘ಇಂಥಲ್ಲಿ ಪ್ಯಾಕ್ ಮಾಡಿದ್ದು’, ‘ಇಂಥವರಿಂದ ವಿತರಣೆ’ ಅನ್ನುವ ಮಾತುಗಳು ತಯಾರಿಯ ಬಗ್ಗೆ ಏನೂ ಹೇಳುವುದಿಲ್ಲ. ಅವು ಇರುವುದೇ ಕಣ್ಣು ಬೇರೆ ಕಡೆ ಎಳೆಯಲು ಅಂತ ನನ್ನ ಅಭಿಪ್ರಾಯ. ಹತ್ತಿರದಲ್ಲೇ ಎಲ್ಲೋ ಸಣ್ಣ ಅಕ್ಷರದಲ್ಲಿ ನಿಜವಾದ ದೇಶ ಇರುತ್ತದೆ, ಹುಡುಕಿ.

ಚುಕ್ಕಿ
ಎಲ್ಲಾ ಸರಿ. ಆದರೆ ನೀಲಿಕೊಡೆಯವರು ಇದನ್ನು ಬರೆದ ಫೋನ್ ಯಾವ ದೇಶದ್ದು?

ನೀಲಿಕೊಡೆ
ಚುಕ್ಕಿ, ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಫೋನ್ ಹಳೆಯದು. ಅದನ್ನು ಕೊಂಡಾಗ ಈ ಯೋಚನೆ ಇರಲಿಲ್ಲ. ಮುಂದಿನದನ್ನು ಕೊಳ್ಳುವಾಗ ಏನು ಮಾಡಬೇಕು ಅಂತಲೇ ಕೇಳುತ್ತಿದ್ದೇನೆ.

ರೆಸಿಸ್ಟರ್
ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನಾಗಿ ಎರಡು ಮಾತು. ಫೋನು, ಲ್ಯಾಪ್‌ಟಾಪು, ಎಲೆಕ್ಟ್ರಿಕ್ ವಾಹನ, ಸೋಲಾರ್ ಫಲಕ, ಈ ಸಾಲಿನಲ್ಲಿ ಒಂದು ದೇಶವನ್ನು ಪೂರ್ತಿ ಬಿಡುವುದು ಹೆಚ್ಚುಕಡಿಮೆ ಅಸಾಧ್ಯ. ಅದು ಯಾವ ದೇಶ ಅನ್ನುವುದರ ಮೇಲೂ ಹೋಗುತ್ತದೆ ಅನ್ನಿ. ಚೀನಾ ಆದರೆ, ಸೋಲಾರ್ ಫಲಕದ ಸಿಲಿಕಾನ್ ಬಿಲ್ಲೆಗಳಲ್ಲಿ ಶೇ 95ಕ್ಕೂ ಹೆಚ್ಚು ಅಲ್ಲೇ ಆಗುತ್ತವೆ. ಮೋಟರುಗಳಲ್ಲಿ ಬಳಸುವ ಬಲವಾದ ಅಪರೂಪದ ಲೋಹದ ಅಯಸ್ಕಾಂತಗಳಲ್ಲಿ ಸುಮಾರು ಶೇ 90 ಅಲ್ಲಿಯವೇ. ತೈವಾನ್ ಬೇಡ ಅಂದರೆ ಇವತ್ತಿನ ಅತಿ ಮುಂದುವರಿದ ಚಿಪ್‌ಗಳನ್ನು ಬಹುಪಾಲು ಮರೆಯಬೇಕು. ನೆದರ್‌ಲ್ಯಾಂಡ್ಸ್ ಬೇಡ ಅಂದರೂ ಕಥೆ ಅಷ್ಟೇ. ಆ ಚಿಪ್‌ಗಳ ಮೇಲೆ ಅತಿ ಸೂಕ್ಷ್ಮ ಗೆರೆ ಮೂಡಿಸುವ ಯಂತ್ರವನ್ನು ಇಡೀ ಜಗತ್ತಿನಲ್ಲಿ ಮಾಡುವುದು ಎಎಸ್‌ಎಂಎಲ್ ಅನ್ನುವ ಅಲ್ಲಿನ ಒಂದೇ ಕಂಪನಿ.

ತಮಾಷೆ ಏನೆಂದರೆ ಲೇಬಲ್ಲಿನಲ್ಲಿರುವ ದೇಶಕ್ಕೆ ಹಣ ಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. 2009ರ ಐಫೋನ್ 3ಜಿ ಬಗ್ಗೆ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು. ತಯಾರಿಕೆಯ ಒಟ್ಟು ವೆಚ್ಚ ಸುಮಾರು 179 ಡಾಲರ್. ಜೋಡಿಸಿದ್ದು ಚೀನಾದಲ್ಲಿ. ಜೋಡಣೆಗೆ ಅಂತ ಅಲ್ಲಿ ಉಳಿದದ್ದು ಆರೂವರೆ ಡಾಲರ್. ಉಳಿದದ್ದು ಜಪಾನ್, ಜರ್ಮನಿ, ದಕ್ಷಿಣ ಕೊರಿಯಾ, ಅಮೆರಿಕದ ಬಿಡಿಭಾಗಗಳಿಗೆ ಹೋಯಿತು. ವ್ಯಾಪಾರದ ಅಂಕಿಅಂಶದಲ್ಲಿ ಮಾತ್ರ ಇಡೀ 179 ಡಾಲರ್ ಚೀನಾದ ರಫ್ತು ಅಂತ ದಾಖಲಾಗುತ್ತಿತ್ತು. ಇದು ಆ ಕಾಲದ ಲೆಕ್ಕ. ಆಮೇಲೆ ಅಲ್ಲಿನ ಬಿಡಿಭಾಗಗಳ ಪಾಲು ಬೆಳೆದಿದೆ. ಆದರೂ ಲೇಬಲ್ಲಿಗೂ ಹಣಕ್ಕೂ ಎಷ್ಟು ದೂರ ಅಂತ ತೋರಿಸಲು ಈಗಲೂ ಇದೇ ಒಳ್ಳೆಯ ಉದಾಹರಣೆ.

ಚುಕ್ಕಿ
ನಾನು ಹೇಳಿದ್ದೂ ಅದನ್ನೇ ಅಲ್ವಾ. ಹಾಗಿದ್ದ ಮೇಲೆ ಈ ಪರದಾಟ ಯಾಕೆ?

ಹಳೆಪುಟ
ಚುಕ್ಕಿ, ಫೋನ್ ಬಿಡಲು ಆಗದವರು ಬೇರೆ ದೇಶದ ಬಕೆಟ್ ಆರಿಸಿಕೊಳ್ಳಬಾರದು ಅಂತ ಯಾವ ನಿಯಮ? ಪೂರ್ತಿ ಆಗದಿದ್ದರೆ ಸ್ವಲ್ಪವೂ ಬೇಡ ಅನ್ನುವ ವಾದವನ್ನು ಜನ ಬೇರೆ ಯಾವುದಕ್ಕೂ ಬಳಸುವುದಿಲ್ಲ.

ಹಿಂದೆ ಗೆದ್ದ ಬಹಿಷ್ಕಾರಗಳನ್ನು ನೋಡಿ. ಅವರು ಎಲ್ಲವನ್ನೂ ಬಿಡಲಿಲ್ಲ. ಗುರುತು ಸಿಗುವ ಒಂದೆರಡು ವಸ್ತು ಆರಿಸಿಕೊಂಡರು. 1984ರಲ್ಲಿ ಡಬ್ಲಿನ್‌ನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳು ದಕ್ಷಿಣ ಆಫ್ರಿಕಾದ ಎರಡು ಗ್ರೇಪ್‌ಫ್ರೂಟ್ ಹಣ್ಣಿಗೆ ಬಿಲ್ ಹಾಕುವುದಿಲ್ಲ ಅಂದಳು. ಅಲ್ಲಿ ಆಗ ವರ್ಣಭೇದದ ಆಡಳಿತ. ಅವಳನ್ನು ಕೆಲಸದಿಂದ ಅಮಾನತು ಮಾಡಿದರು, ಜೊತೆಯವರೂ ಹೊರಗೆ ಬಂದರು. ಮುಷ್ಕರ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. 1987ರಲ್ಲಿ ಐರ್ಲೆಂಡ್ ಸರ್ಕಾರವೇ ದಕ್ಷಿಣ ಆಫ್ರಿಕಾದ ಹಣ್ಣು, ತರಕಾರಿ ಆಮದು ನಿಲ್ಲಿಸಿತು. ಆ ನೌಕರರು ದಕ್ಷಿಣ ಆಫ್ರಿಕಾದ ಚಿನ್ನ ಯಾರ ಕೊರಳಲ್ಲಿದೆ, ಕಲ್ಲಿದ್ದಲು ಯಾವ ಒಲೆಯಲ್ಲಿದೆ ಅಂತ ಹುಡುಕುತ್ತಾ ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಕೈಯಲ್ಲಿದ್ದದ್ದು ಹಣ್ಣು. ಅದನ್ನೇ ಹಿಡಿದರು.

ಅದಕ್ಕೂ ಹಿಂದೆ, 1791ರಲ್ಲಿ, ಗುಲಾಮರ ವ್ಯಾಪಾರ ನಿಲ್ಲಿಸುವ ಮಸೂದೆಯನ್ನು ಬ್ರಿಟಿಷ್ ಸಂಸತ್ತು ತಿರಸ್ಕರಿಸಿದ ಮೇಲೆ ಅಲ್ಲಿನ ಜನ ವೆಸ್ಟ್ ಇಂಡೀಸ್ ಸಕ್ಕರೆ ಬಿಟ್ಟರು. ಹೋರಾಟದಲ್ಲಿದ್ದ ಥಾಮಸ್ ಕ್ಲಾರ್ಕ್‌ಸನ್ ಅಂದಾಜಿನಲ್ಲಿ ಸುಮಾರು 3 ಲಕ್ಷ ಜನ. 1820ರ ದಶಕದಲ್ಲಿ ‘ಗುಲಾಮರು ಮಾಡಿದ್ದಲ್ಲದ ಈಸ್ಟ್ ಇಂಡಿಯಾ ಸಕ್ಕರೆ’ ಅಂತ ಬರೆದ ಸಕ್ಕರೆ ಬಟ್ಟಲುಗಳೇ ಮಾರಾಟಕ್ಕೆ ಬಂದವು. ಮೂಲ ದೇಶದ ಲೇಬಲ್ಲನ್ನು ಸರ್ಕಾರಕ್ಕಿಂತ ಮೊದಲು ಜನರೇ ಮೇಜಿನ ಮೇಲೆ ಇಟ್ಟಿದ್ದರು ಅನ್ನಬಹುದು.

ಒಂದು ಮುಳ್ಳೂ ಇದೆ. ಈಸ್ಟ್ ಇಂಡಿಯಾ ಅಂದರೆ ನಮ್ಮ ಕಡೆ. ಇಲ್ಲೂ ಆಗ ಜೀತ, ಗುಲಾಮಗಿರಿ ಇತ್ತು. ಅದರ ವಿರುದ್ಧ ಕಾಯ್ದೆ ಬಂದದ್ದು 1843ರಲ್ಲಿ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಆ ಇನ್ನೊಂದು ಹೇಗೆ ಬಂತು ಅಂತಲೂ ನೋಡಬೇಕು.

ಹತ್ತಿಬೀಜ
ಬಟ್ಟೆ ಬಗ್ಗೆ ಹೇಳುತ್ತೇನೆ, ಅದು ನನ್ನ ಲೋಕ. ಅಂಗಿಯ ಕಾಲರ್ ಹಿಂದೆ ಇರುವ ದೇಶ ಸಾಮಾನ್ಯವಾಗಿ ಹೊಲಿಗೆ ಆದ ದೇಶ. ಅಷ್ಟೇ. ಹತ್ತಿ ಬೆಳೆದದ್ದು ಒಂದು ಕಡೆ, ನೂಲು ತೆಗೆದದ್ದು ಒಂದು ಕಡೆ, ನೇಯ್ದು ಬಣ್ಣ ಹಾಕಿದ್ದು ಮತ್ತೊಂದು ಕಡೆ ಇರಬಹುದು. ಬಾಂಗ್ಲಾದೇಶ ಜಗತ್ತಿಗೆಲ್ಲ ಬಟ್ಟೆ ಹೊಲಿದು ಕಳಿಸುತ್ತದೆ, ಆದರೆ ಅದಕ್ಕೆ ಬೇಕಾದ ಹತ್ತಿಯಲ್ಲಿ ಬಹುಪಾಲು ಆಮದು. ನೀವು ಬಿಡಬೇಕು ಅಂದುಕೊಂಡ ದೇಶ ಹತ್ತಿ ಬೆಳೆಯುವ ದೇಶವಾದರೆ ಕಾಲರ್ ಪಟ್ಟಿಯಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. ಹೊಲಿಯುವ ದೇಶವಾದರೆ ಪೂರ್ತಿ ಗೊತ್ತಾಗುತ್ತದೆ.

ಚೀನಾದ ಶಿನ್‌ಜಿಯಾಂಗ್ ಪ್ರಾಂತದಲ್ಲಿ ಜಗತ್ತಿನ ಹತ್ತಿಯ ಸುಮಾರು ಐದನೇ ಒಂದು ಭಾಗ ಬೆಳೆಯುತ್ತದೆ. ಬಲವಂತದ ದುಡಿಮೆಯ ಕಾರಣಕ್ಕೆ ಅಲ್ಲಿನ ಸರಕನ್ನು ತಡೆಯುವ ಅಮೆರಿಕದ ಕಾಯ್ದೆ 2022ರ ಜೂನ್‌ನಲ್ಲಿ ಜಾರಿಗೆ ಬಂತು. ಆಗಿನಿಂದ ‘ಈ ಹತ್ತಿ ಎಲ್ಲಿಯದು’ ಅನ್ನುವ ಪ್ರಶ್ನೆಗೆ ಕಂಪನಿಗಳು ಕಾಗದ ಹಿಡಿದುಕೊಂಡು ಓಡಾಡುವಂತಾಯಿತು. ಕಾಗದ ಸಾಲದು ಅಂತ ನಾರಿನಲ್ಲಿರುವ ಐಸೋಟೋಪ್‌ಗಳನ್ನು (ಒಂದೇ ಮೂಲವಸ್ತುವಿನ, ತೂಕ ಬೇರೆಯಾದ ಪರಮಾಣುಗಳು) ಅಳೆದು, ಯಾವ ಮಣ್ಣು ನೀರಿನಲ್ಲಿ ಬೆಳೆದ ಹತ್ತಿ ಅಂತ ಪತ್ತೆ ಮಾಡುವ ಪರೀಕ್ಷೆಗಳೂ ಬಂದಿವೆ. ಅಂಗಡಿಯಲ್ಲಿ ನಿಂತವರಿಗೆ ಅದು ಸಿಗುವುದಿಲ್ಲ, ನಿಜ. ಆದರೆ ಕಂಪನಿಗೆ ಬರೆದು ಕೇಳಿದರೆ ಈಗ ಉತ್ತರ ಅವರ ಹತ್ತಿರ ಇರುತ್ತದೆ. ಮೊದಲು ಅವರಿಗೇ ಗೊತ್ತಿರಲಿಲ್ಲ.

ತಕ್ಕಡಿ
ಸುಂಕದವರೇ, ಬಾರ್‌ಕೋಡ್ ಬಿಡೋಣ. ಲೇಬಲ್ಲಿನಲ್ಲೇ ಸುಳ್ಳು ಬರೆದರೆ?

ಸುಂಕದವ
ಬರೆಯುತ್ತಾರೆ. ಜೇನುತುಪ್ಪದ ಕಥೆ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತು. ಚೀನಾದ ಜೇನಿನ ಮೇಲೆ ಅಮೆರಿಕ 2001ರಲ್ಲಿ ಹೆಚ್ಚುವರಿ ಸುಂಕ ಹಾಕಿತು. ಆಮೇಲೆ ಜೇನು ಬೇರೆ ದೇಶಗಳ ಬಂದರುಗಳಿಗೆ ಹೋಗಿ, ಪೀಪಾಯಿಯ ಲೇಬಲ್ ಬದಲಾಯಿಸಿಕೊಂಡು ಅಮೆರಿಕಕ್ಕೆ ಬರತೊಡಗಿತು. ಜೇನಿನಲ್ಲಿರುವ ಪರಾಗ ನೋಡಿದರೆ ಯಾವ ಪ್ರದೇಶದ ಹೂವು ಅಂತ ಹೇಳಬಹುದು. ಅದಕ್ಕೇ ಕೆಲವರು ಪರಾಗವೇ ಉಳಿಯದಂತೆ ಸೋಸಿಬಿಟ್ಟರು. ಬಂಧನಗಳಾದವು, ಶಿಕ್ಷೆಯೂ ಆಯಿತು.

ಯುರೋಪಿನಲ್ಲಿ ಸುಳ್ಳು ಬರೆಯುವ ಅಗತ್ಯವೇ ಇರಲಿಲ್ಲ. ಹಲವು ದೇಶಗಳ ಜೇನು ಬೆರೆಸಿದ್ದರೆ ‘ಯುರೋಪಿಯನ್ ಒಕ್ಕೂಟದ ಮತ್ತು ಹೊರಗಿನ ಜೇನುಗಳ ಮಿಶ್ರಣ’ ಅಂತ ಬರೆದರೆ ಸಾಕಿತ್ತು. ಅಂದರೆ ಭೂಮಿಯ ಮೇಲಿನ ಜೇನು! 2024ರಲ್ಲಿ ನಿಯಮ ಬದಲಾಯಿಸಿ, ದೇಶಗಳ ಹೆಸರನ್ನೂ ಪಾಲನ್ನೂ ಬರೆಯಬೇಕು ಅಂದಿದ್ದಾರೆ.

ಸುಳ್ಳು ಹುಟ್ಟುವುದು ಸುಂಕ ಅಥವಾ ನಿಷೇಧ ಇರುವ ಕಡೆ. ನಿಮ್ಮ ಒಬ್ಬರ ಬಹಿಷ್ಕಾರಕ್ಕೆ ಹೆದರಿ ಯಾರೂ ಹಡಗು ತಿರುಗಿಸುವುದಿಲ್ಲ. ಆದ್ದರಿಂದ ದಿನಬಳಕೆಯ ವಸ್ತುಗಳಲ್ಲಿ ಲೇಬಲ್ಲನ್ನು ಸಾಮಾನ್ಯವಾಗಿ ನಂಬಿ. ಅದು ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ಗೊತ್ತಿದ್ದರೆ ಆಯಿತು. ಕೆನಡಾದ ಉದಾಹರಣೆ ತೆಗೆದುಕೊಳ್ಳಿ. ಅಲ್ಲಿ ‘ಕೆನಡಾದ ಉತ್ಪನ್ನ’ ಅಂತ ಬರೆಯಲು ವೆಚ್ಚದ ಶೇ 98 ಅಲ್ಲೇ ಆಗಿರಬೇಕು. ‘ಕೆನಡಾದಲ್ಲಿ ತಯಾರಿಸಿದ್ದು’ ಅಂತ ಬರೆಯಲು ಶೇ 51 ಸಾಕು, ಜೊತೆಗೆ ಹೊರಗಿನ ಭಾಗ ಇದೆ ಅಂತ ತಿಳಿಸಬೇಕು. ಎರಡು ಲೇಬಲ್, ನೋಡಲು ಒಂದೇ ತರಹ, ನಡುವೆ ಇಷ್ಟು ಅಂತರ. ಸ್ವಿಸ್ ವಾಚಿಗೆ 2017ರಿಂದ ಈ ಅಳತೆ ಶೇ 60. ಉಳಿದ ಶೇ 40 ಎಲ್ಲಿಂದ ಬೇಕಾದರೂ ಬರಬಹುದು.

ನೀಲಿಕೊಡೆ
ತುಂಬಾ ಉಪಯೋಗವಾಯಿತು. ಆದರೆ ನನ್ನ ಎರಡನೇ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಕಂಪನಿಯ ಮಾಲೀಕರು ಆ ದೇಶದವರು, ಕಾರ್ಖಾನೆ ಬೇರೆ ದೇಶದಲ್ಲಿ. ಇದನ್ನು ಬಿಡಬೇಕಾ? ಅಥವಾ ಉಲ್ಟಾ, ಕಾರ್ಖಾನೆ ಆ ದೇಶದಲ್ಲಿ, ಮಾಲೀಕರು ಬೇರೆಯವರು. ಆಗ?

ಸುಂಕದವ
ಇದಕ್ಕೆ ಕಾನೂನು ಉತ್ತರ ಕೊಡುವುದಿಲ್ಲ, ನೀವೇ ಕೊಡಬೇಕು. ನಿಮ್ಮ ಕೋಪ ಯಾರ ಮೇಲೆ?

ಜಿಇ ಅಪ್ಲಯನ್ಸಸ್ ನೋಡಿ. ಹೆಸರು ಅಮೆರಿಕದ ಹಳೆಯ ಕಂಪನಿಯದು. 2016ರಿಂದ ಅದರ ಒಡೆಯರು ಚೀನಾದ ಹೈಯರ್. ಅವರ ದೊಡ್ಡ ಕಾರ್ಖಾನೆ ಈಗಲೂ ಅಮೆರಿಕದ ಕೆಂಟಕಿಯ ಲೂಯಿವಿಲ್‌ನಲ್ಲೇ ಇದೆ. ಅಮೆರಿಕ ಬೇಡ ಅನ್ನುವವರು ಅಲ್ಲಿನ ಬಟ್ಟೆ ಒಗೆಯುವ ಯಂತ್ರ ಬಿಡಬೇಕಾ? ಚೀನಾ ಬೇಡ ಅನ್ನುವವರು ಬಿಡಬೇಕಾ? ಕಾರ್ಮಿಕರ ಸಂಬಳ, ಸ್ಥಳೀಯ ತೆರಿಗೆ ಒಂದು ದೇಶಕ್ಕೆ, ಲಾಭ ಇನ್ನೊಂದಕ್ಕೆ. ವೋಲ್ವೋ ಕಾರು 2010ರಿಂದ ಚೀನಾದ ಗೀಲಿಯದು, ಜಾಗ್ವಾರ್ 2008ರಿಂದ ಟಾಟಾ ಸಮೂಹದ್ದು. ಹೆಸರು ನೋಡಿ ದೇಶ ಹೇಳುವ ಕಾಲ ಮುಗಿದು ಬಹಳ ದಿನವಾಯಿತು.

ಒಂದು ಸರ್ಕಾರದ ನೀತಿಗೆ ವಿರೋಧ ಅಂದರೆ ಆ ದೇಶದ ಬೊಕ್ಕಸಕ್ಕೆ ಹಣ ಹೋಗುವ ದಾರಿ ನೋಡಬೇಕು. ಕಾರ್ಖಾನೆಯಲ್ಲಿ ಕೆಲಸದವರನ್ನು ನಡೆಸಿಕೊಳ್ಳುವ ರೀತಿ ಸರಿಯಿಲ್ಲ ಅನ್ನುವುದಾದರೆ ಕಾರ್ಖಾನೆ ಎಲ್ಲಿದೆ ಅನ್ನುವುದು ಮುಖ್ಯ. ಆಗ ದೇಶಕ್ಕಿಂತ ಆ ಒಂದು ಕಂಪನಿಯನ್ನು ಬಿಡುವುದೇ ಸರಿಯಾದ ಗುರಿ ಆಗಬಹುದು. ಒಂದೇ ಮೂಲದ ಮೇಲೆ ಎಲ್ಲರೂ ನೇತಾಡುವುದು ಒಳ್ಳೆಯದಲ್ಲ ಅನ್ನುವುದಾದರೆ ಬಿಡಿಭಾಗದವರೆಗೂ ಹೋಗಬೇಕಾಗುತ್ತದೆ. ಮೂರಕ್ಕೂ ಒಂದೇ ಪಟ್ಟಿ ಆಗುವುದಿಲ್ಲ.

ಹಳೆಪುಟ
ಒಡೆಯರನ್ನು ನೋಡಿ ಬಿಟ್ಟರೂ ಏಟು ಬೇರೆಯವರಿಗೆ ಬೀಳಬಹುದು. 2006ರಲ್ಲಿ, ಡೆನ್ಮಾರ್ಕಿನ ಪತ್ರಿಕೆಯೊಂದು ಪ್ರಕಟಿಸಿದ ಪ್ರವಾದಿ ಮುಹಮ್ಮದರ ವ್ಯಂಗ್ಯಚಿತ್ರಗಳ ವಿವಾದದಿಂದ, ಮಧ್ಯಪ್ರಾಚ್ಯದಲ್ಲಿ ಡೆನ್ಮಾರ್ಕ್ ಸರಕಿನ ಬಹಿಷ್ಕಾರ ನಡೆಯಿತು. ಹೆಚ್ಚು ಪೆಟ್ಟು ತಿಂದದ್ದು ಆರ್ಲಾ ಅನ್ನುವ ಹಾಲಿನ ಸಹಕಾರ ಸಂಸ್ಥೆ. ಅದು ಡೆನ್ಮಾರ್ಕಿನದು ಮಾತ್ರ ಅಲ್ಲ. 2000ದಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್‌ನ ಸಂಸ್ಥೆಗಳು ಸೇರಿ ಆದದ್ದು. ಸ್ವೀಡನ್ ರೈತರೂ ಅದರ ಒಡೆಯರೇ. ವ್ಯಂಗ್ಯಚಿತ್ರಕ್ಕೂ ಅವರ ಹಸುಗಳಿಗೂ ಏನು ಸಂಬಂಧ?

ಇನ್ನೊಂದು ನಗು ಬರುವ ಪ್ರಸಂಗ. 2003ರ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲ ಅಂತ ಅಮೆರಿಕದಲ್ಲಿ ಕೆಲವರು ಫ್ರೆಂಚ್ ವಸ್ತುಗಳನ್ನು ಬಿಟ್ಟರು. ಆಗ ಫ್ರೆಂಚ್ಸ್ ಅನ್ನುವ ಸಾಸಿವೆ ಸಾಸ್ ಕಂಪನಿ, ನಮ್ಮದು ಒಂದು ಮನೆತನದ ಹೆಸರು, ಫ್ರಾನ್ಸ್‌ಗೂ ನಮಗೂ ಸಂಬಂಧವಿಲ್ಲ ಅಂತ ಪ್ರಕಟಣೆ ಕೊಡಬೇಕಾಯಿತು. ಅದರ ಆಗಿನ ಒಡೆಯರು ಬ್ರಿಟನ್ನಿನವರು.

ಮಿಣುಕುಹುಳ
ಒಂದು ಮಾತು ಸೇರಿಸಬಹುದಾ? ಒಂದು ದೇಶದ ಸರಕು ಬಿಡುತ್ತೇವೆ ಅಂತ ಶುರುವಾಗಿ, ಆ ದೇಶದ ಮೂಲದವರು ನಮ್ಮ ನಡುವೆ ನಡೆಸುವ ಅಂಗಡಿಗೆ ಹೋಗಬೇಡಿ ಅನ್ನುವಲ್ಲಿಗೆ ಬಂದು ನಿಲ್ಲುವುದನ್ನು ನೋಡಿದ್ದೇನೆ. ಅವರು ಇಲ್ಲೇ ತೆರಿಗೆ ಕಟ್ಟುತ್ತಾರೆ, ಅವರ ಮಕ್ಕಳು ಇಲ್ಲೇ ಓದುತ್ತಾರೆ. ಆ ಸರ್ಕಾರದಿಂದ ತಪ್ಪಿಸಿಕೊಂಡು ಬಂದವರೂ ಅವರಲ್ಲಿ ಇರಬಹುದು. ನೀಲಿಕೊಡೆಯವರ ಉದ್ದೇಶ ಹಾಗಿಲ್ಲ ಅಂತ ಗೊತ್ತು. ಆದರೂ ಇಂಥ ಚರ್ಚೆಯಲ್ಲಿ ಇದನ್ನು ಯಾರಾದರೂ ಹೇಳಲೇಬೇಕು.

ಮತ್ತೆ ಔಷಧಿ. ದಯವಿಟ್ಟು ಔಷಧಿಯಲ್ಲಿ ಈ ಪ್ರಯೋಗ ಬೇಡ. ಮಾತ್ರೆ ಒಂದು ದೇಶದಲ್ಲಿ ಆಗಿದ್ದರೂ ಅದರ ಮೂಲ ಪದಾರ್ಥ ಬೇರೆ ದೇಶದಿಂದ ಬಂದಿರಬಹುದು. ಅದನ್ನು ಲೇಬಲ್ಲಿನಲ್ಲಿ ಬರೆದಿರುವುದೂ ಅಪರೂಪ. ವೈದ್ಯರು ಬರೆದದ್ದನ್ನು ತೆಗೆದುಕೊಳ್ಳಿ.

ನೀಲಿಕೊಡೆ
ಮಿಣುಕುಹುಳ, ಎರಡೂ ಮಾತು ಒಪ್ಪಿದೆ. ಔಷಧಿ ಪಟ್ಟಿಯಲ್ಲಿ ಇರಲೇ ಇಲ್ಲ, ಇರುವುದೂ ಇಲ್ಲ.

ಹತ್ತಿಬೀಜ
ಮೂರನೇ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಮನೆಯಲ್ಲಿ ಇರುವುದನ್ನು ಏನು ಮಾಡುವುದು? ನನ್ನ ಉತ್ತರ: ಹರಿಯುವವರೆಗೆ ಬಳಸಿ. ಹಣ ಆಗಲೇ ಹೋಗಿದೆ. ಎಸೆದರೆ ಅದೇನು ವಾಪಸ್ ಬರುವುದಿಲ್ಲ, ಹೊಸದು ಕೊಳ್ಳುವ ಖರ್ಚು ಮಾತ್ರ ಬರುತ್ತದೆ.

ಹಳೆಪುಟ
ಈ ಪ್ರಶ್ನೆಗೆ ದೊಡ್ಡವರೇ ಜಗಳ ಆಡಿದ್ದಾರೆ. 1921ರ ಜುಲೈ 31ರಂದು ಮುಂಬೈನಲ್ಲಿ ಗಾಂಧೀಜಿ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಹಚ್ಚಿದರು. ರವೀಂದ್ರನಾಥ ಟ್ಯಾಗೋರರಿಗೆ ಇದು ಸರಿ ಕಾಣಲಿಲ್ಲ. ಮೈಮುಚ್ಚಲು ಬಟ್ಟೆ ಇಲ್ಲದ ಜನ ಇರುವಾಗ ಸುಡುವುದು ಏನು ಅಂತ ಅವರ ಆಕ್ಷೇಪ. ಗಾಂಧೀಜಿಯ ಆಪ್ತರಾದ ಸಿ.ಎಫ್. ಆಂಡ್ರೂಸ್ ಅವರಿಗೂ ಹಿಡಿಸಲಿಲ್ಲ. ಗಾಂಧೀಜಿ ಮಾತ್ರ ತಮ್ಮ ನಿಲುವು ಬಿಡಲಿಲ್ಲ. ಸುಡುವುದು ಜನರ ದ್ವೇಷವನ್ನು ಮನುಷ್ಯರಿಂದ ವಸ್ತುಗಳ ಕಡೆಗೆ ತಿರುಗಿಸುತ್ತದೆ ಅನ್ನುವುದು ಅವರ ವಾದ. ಅದು ಚಳವಳಿಯ ಲೆಕ್ಕ. ಒಬ್ಬರ ಮನೆಯ ಕಪಾಟಿಗೆ ನಾನು ಟ್ಯಾಗೋರರ ಪಕ್ಷ.

ರೆಸಿಸ್ಟರ್
ನಾನೂ. ಇದರಲ್ಲಿ ನನ್ನ ಹೊಟ್ಟೆಪಾಡೂ ಇದೆ ಅನ್ನಿ, ರಿಪೇರಿಯವನು ನೋಡಿ. ಆದರೂ ಯೋಚಿಸಿ: ಇದ್ದದ್ದನ್ನು ರಿಪೇರಿ ಮಾಡಿಸಿದರೆ, ಹೊಸದು ಬೇಕಾದಾಗ ಬಳಸಿದ ಮಾಲು ಕೊಂಡರೆ, ತಯಾರಿಸಿದ ದೇಶಕ್ಕೆ ಹೊಸದಾಗಿ ಹಣ ಹೋಗುವುದು ತೀರಾ ಕಡಿಮೆ. ಫೋನ್, ಲ್ಯಾಪ್‌ಟಾಪ್ ಸಾಲಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಬ್ಯಾಟರಿ, ಪರದೆ ಎಲ್ಲಿಂದ ಬಂತು ಅಂತ ಮಾತ್ರ ಕೇಳಬೇಡಿ.

ಚುಕ್ಕಿ
ಸರಿ, ರಿಪೇರಿ ಮಾತು ಒಪ್ಪಿದೆ. ಆದರೆ ಒಬ್ಬರು ಬಕೆಟ್ ಬದಲಾಯಿಸಿದರೆ ಆ ದೇಶಕ್ಕೆ ಏನು ವ್ಯತ್ಯಾಸ? ಇದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಸುಂಕದವ
ದೇಶಕ್ಕೆ ಏನೂ ಇಲ್ಲ. ಅಂಗಡಿಗೆ ಇದೆ. ಯಾವ ಮಾಲು ತರಿಸಬೇಕು ಅಂತ ತೀರ್ಮಾನ ಮಾಡುವವರು ಮಾರಾಟದ ಲೆಕ್ಕ ನೋಡುತ್ತಾರೆ. 2025ರಲ್ಲಿ ಅಮೆರಿಕದ ಸುಂಕದ ಮಾತು ಶುರುವಾದಾಗ ಕೆನಡಾದ ಅಂಗಡಿಗಳು ತಾವಾಗಿಯೇ ಕೆನಡಾದ ಸರಕಿಗೆ ಮೇಪಲ್ ಎಲೆಯ ಗುರುತು ಹಾಕಿದವು. ಡೆನ್ಮಾರ್ಕಿನ ದೊಡ್ಡ ಅಂಗಡಿ ಸರಪಳಿಯೊಂದು ಯುರೋಪಿನ ಒಡೆತನದ ಬ್ರ್ಯಾಂಡುಗಳ ಬೆಲೆಪಟ್ಟಿಯಲ್ಲಿ ನಕ್ಷತ್ರ ಮೂಡಿಸಿತು. ಸರ್ಕಾರ ಹೇಳಿ ಮಾಡಿಸಿದ್ದಲ್ಲ, ಗಿರಾಕಿಗಳು ಕೇಳಿದ್ದಕ್ಕೆ ಆದದ್ದು. ಒಂದು ಗುರುತು ತಯಾರಿಯ ದೇಶಕ್ಕೆ, ಇನ್ನೊಂದು ಒಡೆತನಕ್ಕೆ, ಅದನ್ನೂ ಗಮನಿಸಿ.

ಆದರೆ ಲೇಬಲ್ ಹಾಕಿದವರು ಅಂದುಕೊಂಡಂತೆಯೇ ಆಗುತ್ತದೆ ಅಂತಲೂ ಇಲ್ಲ. 1887ರಲ್ಲಿ ಬ್ರಿಟನ್ ಒಂದು ಕಾಯ್ದೆ ತಂದು, ಹೊರಗಿನ ಸರಕಿನ ಮೇಲೆ ದೇಶದ ಹೆಸರು ಬರೆಸಿತು. ಜರ್ಮನಿಯ ಅಗ್ಗದ ಮಾಲನ್ನು ಜನ ಗುರುತಿಸಿ ದೂರ ಇಡಲಿ ಅಂತ ಲೆಕ್ಕ. ಜನ ಗುರುತಿಸಿದರು. ಕೆಲವೇ ವರ್ಷಗಳಲ್ಲಿ ‘ಜರ್ಮನಿಯಲ್ಲಿ ತಯಾರಾದದ್ದು’ ಅಂದರೆ ಗಟ್ಟಿ ಮಾಲು ಅನ್ನುವ ಹೆಸರು ಬಂತು!

ಚುಕ್ಕಿ
ಇದು ಚೆನ್ನಾಗಿದೆ. ಜರ್ಮನಿಯವರು ಬ್ರಿಟನ್ನಿಗೆ ಧನ್ಯವಾದ ಹೇಳಿದರಾ?

ನೀಲಿಕೊಡೆ
ಎಲ್ಲವನ್ನೂ ಓದಿ ಒಂದು ರೂಪಕ್ಕೆ ಬಂದಿದ್ದೇನೆ. ನನ್ನ ವಿರೋಧ ಸರ್ಕಾರದ ಮೇಲೆ. ಆದ್ದರಿಂದ ಆ ದೇಶದಲ್ಲೇ ಪೂರ್ತಿ ತಯಾರಾಗಿ ಬರುವ ವಸ್ತುಗಳು ಮೊದಲು. ಪಾತ್ರೆ, ಆಟಿಕೆ, ಬಟ್ಟೆ, ಪೀಠೋಪಕರಣ, ಚಿಕ್ಕಪುಟ್ಟ ವಿದ್ಯುತ್ ಸಾಮಾನು. ಇವುಗಳಲ್ಲಿ ಬದಲಿ ಸಿಗುತ್ತದೆ, ಲೇಬಲ್ ಓದಿದರೆ ಗೊತ್ತಾಗುತ್ತದೆ. ಬಿಡಿಭಾಗಗಳ ಬೆನ್ನು ಹತ್ತುವುದಿಲ್ಲ. ಆ ದೇಶದವರ ಒಡೆತನದ ಕಂಪನಿಗೆ ಬೇರೆ ಕಡೆ ಕಾರ್ಖಾನೆ ಇದ್ದರೆ, ಸಮನಾದ ಬದಲಿ ಇದ್ದಾಗ ಬಿಡುತ್ತೇನೆ, ಇಲ್ಲದಿದ್ದರೆ ಇಲ್ಲ. ಫೋನಿಗೆ ರೆಸಿಸ್ಟರ್ ಹೇಳಿದ ದಾರಿ.

ಮನೆಯವರ ಮೇಲೆ ಇದನ್ನು ಹೇರುವುದಿಲ್ಲ. ಅವರು ಕೊಂಡು ತಂದದ್ದನ್ನು ತಿರುಗಿಸಿ ಲೇಬಲ್ ಹುಡುಕುತ್ತಾ ಕೂತರೆ ದಿನಾ ರಂಪ. ಯಾರಾದರೂ ಉಡುಗೊರೆ ಕೊಟ್ಟರೆ ಸುಮ್ನೆ ತೆಗೆದುಕೊಳ್ಳುತ್ತೇನೆ.

ಒಂದು ಸಹಾಯ ಬೇಕು. ಕಂಪನಿಗೆ ಬರೆದು ಕೇಳಿ ಅಂದಿರಿ. ಹೇಗೆ ಕೇಳುವುದು? ಒಂದು ಕಂಪನಿಗೆ ಬರೆದಿದ್ದೆ. ‘ನಮ್ಮ ಉತ್ಪನ್ನಗಳು ಜಗತ್ತಿನ ಅತ್ಯುತ್ತಮ ಮೂಲಗಳಿಂದ ಬರುತ್ತವೆ’ ಅಂತ ಉತ್ತರ ಬಂತು.

ಸುಂಕದವ
‘ಎಲ್ಲಿ ತಯಾರಾಗುತ್ತದೆ’ ಅಂತ ಕೇಳಿದರೆ ಹಾಗೇ ಉತ್ತರ ಬರುತ್ತದೆ. ಮಾದರಿ ಸಂಖ್ಯೆ ಬರೆಯಿರಿ. ‘ಈ ಮಾದರಿಯ ಸುಂಕದ ದಾಖಲೆಯಲ್ಲಿ ಮೂಲ ದೇಶ ಅಂತ ಯಾವುದನ್ನು ಘೋಷಿಸಿದ್ದೀರಿ?’ ಅಂತ ಕೇಳಿ. ಗಡಿ ದಾಟಿ ಬಂದ ಪ್ರತಿ ಸರಕಿಗೂ ಅವರು ಒಂದು ದೇಶದ ಹೆಸರನ್ನು ಬರೆದುಕೊಟ್ಟೇ ಇರುತ್ತಾರೆ. ಗೊತ್ತಿಲ್ಲ ಅನ್ನಲು ಬರುವುದಿಲ್ಲ. ಹೇಳುವುದಿಲ್ಲ ಅನ್ನಬಹುದು, ಅದೂ ಒಂದು ಉತ್ತರವೇ. ಒಂದೇ ಮಾದರಿ ಎರಡು ಕಾರ್ಖಾನೆಯಿಂದ ಬರುವುದೂ ಉಂಟು. ಆಗ ನಿಮ್ಮ ಕೈಯಲ್ಲಿರುವ ಡಬ್ಬದ ಬ್ಯಾಚ್ ಸಂಖ್ಯೆಯನ್ನೂ ಕೊಡಿ.

ತಕ್ಕಡಿ
ನೀಲಿಕೊಡೆಯವರೇ, ಉತ್ತರ ಕೊಟ್ಟ ಕಂಪನಿಗಳ ಪಟ್ಟಿಯನ್ನು ಇಲ್ಲೇ ಹಾಕುತ್ತಾ ಹೋಗಿ. ದೇಶದ ಹೆಸರು ಬಂದರೂ ಪರವಾಗಿಲ್ಲ ಅಲ್ವಾ, ನಿರ್ವಾಹಕರೇ?

ನಿರ್ವಾಹಕರು
ಪರವಾಗಿಲ್ಲ. ಮಾದರಿ ಸಂಖ್ಯೆ, ಉತ್ತರ ಬಂದ ತಿಂಗಳು ಎರಡನ್ನೂ ಬರೆಯಿರಿ. ಕಾರ್ಖಾನೆ ಬದಲಾಗುತ್ತಿರುತ್ತದೆ, ಹಳೆಯ ಮಾಹಿತಿ ನೋಡಿ ಯಾರೂ ಕೊಳ್ಳುವಂತಾಗಬಾರದು.